ಓಸಿ (ಕಟ್ಟಡ ನಕ್ಷೆಯಂತೆ ಇದೆ, ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪ್ರಮಾಣಪತ್ರ) ನಿರಾಕರಿಸಿದರೆ ಮುಂದೇನು? (ಕಾರವಾರ)

ಪ್ರಶ್ನೆ: ಕಾರವಾರದಲ್ಲಿ 12 ಫ್ಲಾಟ್‌ಗಳ ಕಟ್ಟಡ. ಒಂದು ಬದಿ ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಕಡಿಮೆ, ಪಾರ್ಕಿಂಗ್ ಜಾಗದಲ್ಲಿ ಗೋಡೆ ಎಬ್ಬಿಸಿ ಅಂಗಡಿ ಮಾಡಿದ್ದಾರೆ ಎಂದು ಓಸಿ ಸಿಕ್ಕಿಲ್ಲ. ಬಿಲ್ಡರ್ ಕೈಚೆಲ್ಲಿದ್ದಾನೆ. ಕೊಂಡವರಿಗೆ ಕಾನೂನಿನಲ್ಲಿ ಏನು ದಾರಿ?

ಉತ್ತರ 1: ಮೊದಲು ಕಾರಣ ಸಮೇತ ಲಿಖಿತ ಆದೇಶ ಕೈಗೆ ಬರಲಿ. ಬಾಯಿಮಾತಿನ ‘ಆಗಲ್ಲ’ದ ಮೇಲೆ ಮೇಲ್ಮನವಿ ನಿಲ್ಲುವುದಿಲ್ಲ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಆದೇಶ, ಮಂಜೂರಾದ ನಕ್ಷೆ, ಸ್ಥಳ ತಪಾಸಣಾ ವರದಿ ಮೂರನ್ನೂ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಆಮೇಲೆ ಎಂಜಿನಿಯರ್ ಕರೆಸಿ ನಕ್ಷೆ ಹಿಡಿದು ಟೇಪಿನಲ್ಲಿ ಅಳೆಸಿ. ಪಾರ್ಕಿಂಗಿನ ಗೋಡೆ ಒಡೆದು ಫೋಟೊ ಸಮೇತ ಮರು ಅರ್ಜಿ ಹಾಕಬಹುದು. ಸೆಟ್‌ಬ್ಯಾಕ್ ಹಾಗಲ್ಲ, ಅಲ್ಲಿ ಕಟ್ಟಡದ ಕಂಬವೇ ನಿಂತುಬಿಟ್ಟಿರುತ್ತದೆ.

ಉತ್ತರ 2: ಓಸಿ ತರುವುದು ಬಿಲ್ಡರ್‌ನ ಹೊಣೆ: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ 2016, ಕಲಂ 11(4)(ಬಿ). ಒಪ್ಪಂದದ ಗಡುವು ಮೀರಿದ್ದರೆ ಕಲಂ 18ರಡಿ ಬಡ್ಡಿ ಸಹಿತ ಹಣ ವಾಪಸು, ಇಲ್ಲವೇ ಫ್ಲಾಟ್ ಇಟ್ಟುಕೊಂಡು ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಿ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಅಲ್ಲಿ ದೂರು ಕೊಡುವ ಎರಡು ವರ್ಷದ ಗಡುವು ಕಳೆಯಿತೆಂದು ಹೆದರಬೇಡಿ, ಓಸಿ ಕೊಡದಿರುವುದು ಮುಂದುವರಿಯುವ ತಪ್ಪು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಉತ್ತರ 3: ಆದೇಶದಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಉಲ್ಲಂಘನೆ ಅಂತಲೂ ಇದೆಯಾ ನೋಡಿ. ಸಮುದ್ರ, ಕಾಳಿ ನದಿಯ ಅಂಚಿನಲ್ಲಿ ಅದೇ ದೊಡ್ಡ ತೊಡಕು. ಗೋಡೆ ಒಡೆದರೂ ಅದು ಬಗೆಹರಿಯದು. ರಿಟ್ (ಅಧಿಕಾರಿಗಳ ವಿರುದ್ಧ ಹೈಕೋರ್ಟಿಗೆ ನೇರ ಅರ್ಜಿ) ಹಾಕುವುದಾದರೆ ಧಾರವಾಡ ಹೈಕೋರ್ಟ್ ಪೀಠಕ್ಕೆ. ಅಧಿಕಾರಿಗಳು ಓಸಿ ಅರ್ಜಿ ಇತ್ಯರ್ಥಪಡಿಸದೆ ಕೂತಿದ್ದರೆ, ಇಲ್ಲವೇ ಕಾರಣ ಕೊಡದೆ ತಿರಸ್ಕರಿಸಿದ್ದರೆ ಅದು ಗಟ್ಟಿ ದಾರಿ. ನಕ್ಷೆ ಮೀರಿದ ಕಟ್ಟಡಕ್ಕೆ ಓಸಿ ಕೊಡಿ ಎಂಬ ಆದೇಶ ಮಾತ್ರ ನಿರೀಕ್ಷಿಸಬೇಡಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೀರು, ಕರೆಂಟಿಗೂ ಓಸಿ ತೋರಿಸಬೇಕು.