ಸಹಾಯ ಬೇಕು: ಡುಷೆನ್ ಇರುವ ಮಗನ ವಿಡಿಯೋ ತಪಾಸಣೆ

ನಮಸ್ಕಾರ. ಮಗನಿಗೆ 8 ವರ್ಷ, ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿ (ಸ್ನಾಯುಗಳು ಬರಬರುತ್ತಾ ಬಲ ಕಳೆದುಕೊಳ್ಳುವ ಕಾಯಿಲೆ) ಇದೆ. ನಾವಿರುವುದು ಸಿರಸಿ ಹತ್ತಿರದ ಹಳ್ಳಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿನ ಆಸ್ಪತ್ರೆಗೆ ಹೋದರೆ ಕಾಲು ಎಷ್ಟು ಬಿಗಿಯಾಗುತ್ತದೆ ಅಂದರೆ, ಅಲ್ಲಿ ಮಾಡುವ ನಾರ್ತ್ ಸ್ಟಾರ್ ಪರೀಕ್ಷೆಯಲ್ಲಿ (ಏಳುವುದು, ನಡೆಯುವುದು, ಓಡುವುದು ಎಷ್ಟು ಆಗುತ್ತದೆ ಅಂತ ನೋಡುವ 17 ಚಟುವಟಿಕೆ, ಒಟ್ಟು 34 ಅಂಕ) ಮನೆಯಲ್ಲಿ ಸಲೀಸಾಗಿ ಮಾಡುವುದೂ ಅವನಿಗೆ ಆಗುವುದಿಲ್ಲ. ಹಾಗಾಗಿ ಈ ಸಲ ವಿಡಿಯೋ ಕಳಿಸಿ ಅಂದಿದ್ದಾರೆ. ನೆಲದಿಂದ ಏಳುವುದು, 10 ಮೀಟರ್ ಓಟ, ಎರಡೂ ಬೇಕಂತೆ. ನಿನ್ನೆ ತೆಗೆದೆ. ತೊಡೆ ಮೇಲೆ ಕೈಯೂರಿ ಏಳುವಾಗ ಪಾದವೇ ಕಾಣಿಸಲಿಲ್ಲ, ಜಗುಲಿಯೂ ಅಷ್ಟು ಉದ್ದ ಇಲ್ಲ. ಸುಮ್ನೆ ಪದೇ ಪದೇ ಮಾಡಿಸಿ ಮಗುವನ್ನು ಸುಸ್ತು ಮಾಡಲು ಮನಸ್ಸಿಲ್ಲ. ಫೋನ್ ಪಕ್ಕದಲ್ಲಿಡಬೇಕಾ, ಎದುರಿಗಾ? ಅಂಗಳದ ಮಣ್ಣಿನಲ್ಲಿ ಓಡಿಸಬಹುದಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ, ಶನಿವಾರದೊಳಗೆ ಕಳಿಸಬೇಕು.