ಕೆಜಿಎಫ್ ಕಾರ್ಮಿಕರ ಇತಿಹಾಸ ಹಿಡಿದು ಬದುಕೋಕೆ ಆಗುತ್ತಾ?

ಬಂಗಾರಪೇಟೆ_ಹುಡುಗಿ:
ಬಿ.ಎ. ಕೊನೆ ವರ್ಷ, ಇತಿಹಾಸ. ತಾತ ಕೋಲಾರದ ಚಿನ್ನದ ಗಣಿ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ಸ್ ಗಣಿಗೆ ಇಳಿದವರು. ಕಾರ್ಮಿಕ ಚಳವಳಿ, ಯೂನಿಯನ್ನು, ಪ್ರಜಾಪ್ರಭುತ್ವ ಇದರ ಮೇಲೆನೇ ಸಂಶೋಧನೆ ಮಾಡಬೇಕು ಅಂತ ಆಸೆ. ಮನೆಯಲ್ಲಿ "ಬಿ.ಎಡ್. ಮಾಡು, ಸುಮ್ನೆ ಮುಷ್ಕರದ ಕತೆ ಕಟ್ಕೊಂಡು ಏನ್ ಮಾಡ್ತೀಯ" ಅಂತಾರೆ. ಇದನ್ನೇ ವೃತ್ತಿ ಮಾಡಿಕೊಂಡವರು ಇದ್ದಾರಾ?

ಮಾಲೂರು_ಮೇಷ್ಟ್ರು:
ಇದ್ದಾರಮ್ಮ. ಇತಿಹಾಸಕಾರ್ತಿ ಜಾನಕಿ ನಾಯರ್ ಅವರನ್ನು ಓದು. ಕೆಜಿಎಫ್ ಗಣಿಯವರು, ಬೆಂಗಳೂರಿನ ಬಟ್ಟೆ ಗಿರಣಿಯವರು, ಇಬ್ಬರ ಮೇಲೂ ಸೇರಿಸಿ 1998ರಲ್ಲಿ ಪುಸ್ತಕ ತಂದರು. ಆಮೇಲೆ ಬೆಂಗಳೂರು ನಗರದ ಬಗ್ಗೆ, ಮೈಸೂರು ಸಂಸ್ಥಾನದ ಬಗ್ಗೆ ಬರೆದರು, ಜೆಎನ್‌ಯುನಲ್ಲಿ ಪಾಠ ಮಾಡಿದರು. ಕಾರ್ಮಿಕರಿಂದ ಶುರು ಮಾಡಿದರೆ ಅಲ್ಲೇ ಸಿಕ್ಕಿಹಾಕಿಕೊಳ್ತೀವಿ ಅನ್ನೋದು ಸುಳ್ಳು.

ಪ್ರಜಾಪ್ರಭುತ್ವ ಅಂದೆಯಲ್ಲ, 1930ರ ಮುಷ್ಕರ ನೋಡು. ನೋಂದಣಿಗೆ ಹೆಬ್ಬೆಟ್ಟು ಒತ್ತಿ ಅಂದಿದ್ದಕ್ಕೆ, ನಾವೇನು ಕಳ್ಳರಾ ಅನ್ನೋ ಹಾಗೆ ಗಣಿಗೆ ಇಳಿಯೋದನ್ನೇ ನಿಲ್ಲಿಸಿದರು, ಆಗ ಅಲ್ಲಿ ಹೇಳಿಕೊಳ್ಳೋ ಯೂನಿಯನ್ನೇ ಇರಲಿಲ್ಲ. ಓಟಿಗಿಂತ ಮುಂಚೆ ಜನ ಮರ್ಯಾದೆ ಕೇಳಿದ್ದರು ಅಲ್ವಾ?

ಕೆಲಸದ ವಿಷಯ ಮುಚ್ಚಿಡಲ್ಲ. ಎಂ.ಎ., ಉಪನ್ಯಾಸಕರಾಗೋಕೆ ಬೇಕಾದ ನೆಟ್ ಪರೀಕ್ಷೆ, ಪಿಎಚ್.ಡಿ. ಅಂತ ದಾರಿ ಉದ್ದ, ಆಮೇಲೂ ಅತಿಥಿ ಉಪನ್ಯಾಸಕರಾಗಿ ಕಾಯೋರೇ ಜಾಸ್ತಿ. ಜೆಆರ್‌ಎಫ್ ಅನ್ನೋ ಸಂಶೋಧನಾ ವೇತನ ಸಿಕ್ಕರೆ ಓದುವಷ್ಟು ದಿನ ಊಟಕ್ಕೆ ಯೋಚನೆ ಇಲ್ಲ.

ಊರಗಾಂ_ಲೈನ್:
ಮೇಷ್ಟ್ರೇ, ಒಂದು ಬಿಟ್ಟಿರಿ. ಪತ್ರಾಗಾರದ ಫೈಲು ಬರೆದವರು ಕಂಪನಿಯವರು, ಸರ್ಕಾರದವರು. ಅದರಲ್ಲಿ ನಮ್ಮವರು ಬರೀ "ಕೂಲಿ". ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ, ಕೆಳಗೆ ಇಳಿದವರು ವರ್ಷ ವರ್ಷ ಕಡಿಮೆ ಆಗ್ತಿದ್ದಾರೆ. ಪಿಎಚ್.ಡಿ. ಸೀಟು ಸಿಗೋವರೆಗೂ ಕಾಯಬೇಡ, ಈಗಲೇ ಫೋನಿನಲ್ಲಿ ರೆಕಾರ್ಡ್ ಮಾಡು. ತಮಿಳು ಬರುತ್ತಾ? ಬರದಿದ್ದರೆ ಕಲಿ, ಲೈನುಗಳಲ್ಲಿ, ಅಂದ್ರೆ ಕಾರ್ಮಿಕರ ಸಾಲುಮನೆಗಳಲ್ಲಿ, ಮನಸ್ಸು ಬಿಚ್ಚಿ ಮಾತಾಡೋದು ತಮಿಳಿನಲ್ಲೇ. ಗಂಡಸರು ಭಾಷಣ ಮಾಡಿದ್ದು ಹೇಳ್ತಾರೆ. ಸಂಬಳ ಇಲ್ಲದ ವಾರಗಳಲ್ಲಿ ಒಲೆ ಹೇಗೆ ಹೊತ್ತಿತು ಅಂತ ಅಜ್ಜಿಯರನ್ನು ಕೇಳು, ಯಾವ ಅಂಗಡಿಯವನು ಸಾಲ ಕೊಟ್ಟ, ಯಾರು ಕೊಡಲಿಲ್ಲ, ಎಲ್ಲಾ ಲೆಕ್ಕ ಅವರ ತಲೆಯಲ್ಲಿದೆ.

ಅಂದಹಾಗೆ, ತಾತನ ಯೂನಿಯನ್ ರಸೀದಿ, ಸಂಬಳದ ಚೀಟಿ ಏನಾದರೂ ಉಳಿದಿದೆಯಾ? ನಮ್ಮ ಮನೆಯಲ್ಲಿ ಸುಣ್ಣ ಬಳಿಯುವಾಗ ಎಲ್ಲಾ ಒಲೆಗೆ ಹಾಕಿಬಿಟ್ಟರು. ಈಗಲೂ ಹೊಟ್ಟೆ ಉರಿಯುತ್ತೆ.

ಬಂಗಾರಪೇಟೆ_ಹುಡುಗಿ:
ಒಂದು ಟ್ರಂಕ್ ಇದೆ ಅಣ್ಣ, ಬೀಗದ ಕೈ ಅಜ್ಜಿ ಸೊಂಟದಲ್ಲಿ. ಭಾನುವಾರ ಹೋಗ್ತೀನಿ. ತಮಿಳು ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಬಿ.ಎಡ್. ಅರ್ಜಿನೂ ಹಾಕಿರ್ತೀನಿ, ಅಮ್ಮನ ಹತ್ತಿರ ಸದ್ಯಕ್ಕೆ ಮುಷ್ಕರ ಬೇಡ.