ರ‍್ಯಾಡಿಕಲ್ ಸ್ತ್ರೀವಾದ ಓದುತ್ತಿದ್ದೇನೆ, ಅಣ್ಣ ಸಹಿ ಕೇಳುತ್ತಿದ್ದಾನೆ

ಜಮಖಂಡಿ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ಹೇಳಿಕೊಡುತ್ತೇನೆ. ವಯಸ್ಸು 42. ಈಗ ಎಂಎ ಕಟ್ಟಿದ್ದೇನೆ, ಮನೆಯವರು ನಗುತ್ತಾರೆ. ಈ ಸಲದ ಪೇಪರಿನಲ್ಲಿ ರ‍್ಯಾಡಿಕಲ್ ಸ್ತ್ರೀವಾದ ಇದೆ. ನನಗೆ ಸಿಕ್ಕ ನೋಟ್ಸಿನಲ್ಲಿ ಅದನ್ನು 'ಉಗ್ರ ಸ್ತ್ರೀವಾದ' ಅಂತ ಬರೆದಿದ್ದಾರೆ. ಓದಿದ ಕೂಡಲೇ ಕುಡುಗೋಲು ಹಿಡಿದ ಹೆಂಗಸು ಕಣ್ಣ ಮುಂದೆ ಬರುತ್ತಾಳೆ. ಆದರೆ ಆ ಪದ ಹುಟ್ಟಿದ್ದು 'ಬೇರು' ಅನ್ನುವ ಲ್ಯಾಟಿನ್ ಪದದಿಂದ. ಬೇರಿಗೆ ಕೈ ಹಾಕುವ ಸ್ತ್ರೀವಾದ. ಉಗ್ರಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ನನಗೆ ತಿಳಿದದ್ದು ಇಷ್ಟು. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಯುದ್ಧ ಬೇಡ, ಕರಿಯರಿಗೆ ಸಮಾನ ಹಕ್ಕು ಬೇಕು ಅಂತ ಹೋರಾಟಕ್ಕೆ ಇಳಿದ ಹುಡುಗಿಯರಿಗೆ ತಮ್ಮ ಸಂಘಟನೆಯಲ್ಲೇ ಕಾಫಿ ಮಾಡುವ, ಟೈಪ್ ಮಾಡುವ ಕೆಲಸ ಬಂತು. ಕಾನೂನು ತಿದ್ದಿದರೆ ಸಾಲದು, ಗಂಡಾಳಿಕೆಯೇ ಬೇರು ಅಂದರು. ಗಂಡು ಹೆಣ್ಣು ಮಲಗುವ ಕೋಣೆಯಲ್ಲೂ ಇರುವುದು ರಾಜಕೀಯವೇ ಅಂತ ಕೇಟ್ ಮಿಲೆಟ್ 1970ರಲ್ಲಿ ಬರೆದರು. ಅದೇ ವರ್ಷ ಶುಲಮಿತ್ ಫೈರ್‌ಸ್ಟೋನ್, ಹೆರುವ ಕೆಲಸವೇ ಹೆಣ್ಣನ್ನು ಕಟ್ಟಿಹಾಕಿದೆ, ಅದನ್ನು ಯಂತ್ರಕ್ಕೆ ಒಪ್ಪಿಸೋಣ ಅಂದರು. ಆಗ ಅವರಿಗೆ 25 ವರ್ಷ. ನನ್ನ 25ರಲ್ಲಿ ನಾನು ಹೊರಸಿನ ಮೇಲೆ ಮಲಗಿ, ಕೆಳಗಿನ ಕೆಂಡದ ಹೊಗೆ ಕುಡಿಯುತ್ತ ಬಾಣಂತನ ಮಾಡಿಸಿಕೊಳ್ಳುತ್ತಿದ್ದೆ. ಆಗ ಯಾರಾದರೂ ಅಂಥ ಯಂತ್ರ ತಂದಿದ್ದರೆ ಬೇಡ ಅನ್ನುತ್ತಿರಲಿಲ್ಲ ಬಿಡಿ.

ಈಗ ನನ್ನ ವಿಷಯ. ಅಪ್ಪ ತೀರಿಕೊಂಡು ಎರಡು ವರ್ಷ. ಅಜ್ಜನಿಂದ ಬಂದ ಆರು ಎಕರೆ ಹೊಲ ಇದೆ. ಕೃಷ್ಣೆಯ ನೀರು, ಕಬ್ಬು. ಹೋದ ವಾರ ಅಣ್ಣ ಫೋನ್ ಮಾಡಿದ್ದ. "ತಂಗೀ, ಪಂಚಮಿಗೆ ಬಂದಾಗ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಒಂದರ್ಧಾ ತಾಸು ಬಂದು ಸಹಿ ಮಾಡಿ ಹೋಗವಾ." ಹಕ್ಕುಬಿಡುಗಡೆ ಪತ್ರ, ಅಂದರೆ ಹೊಲದಲ್ಲಿ ನನ್ನ ಪಾಲು ಬಿಟ್ಟುಕೊಟ್ಟೆ ಅನ್ನುವ ಕಾಗದ. ವೈನಿ (ಅಣ್ಣನ ಹೆಂಡತಿ) ಇಳಕಲ್ ಸೀರೆ ತೆಗೆದಿಟ್ಟಿದ್ದಾರಂತೆ. ಅಣ್ಣ ಕೆಟ್ಟವನಲ್ಲ. ನನ್ನ ಬಿಎಡ್ ಫೀಸು ಕಟ್ಟಿದವನು ಅವನೇ. ಅದೇ ತೊಂದರೆ.

ಮರುದಿನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದಾಗ ಸುಮ್ನೆ ಕೇಳಿದೆ, ನೀವೆಲ್ಲ ಸಹಿ ಮಾಡಿದ್ದೀರಾ ಅಂತ. ನನ್ನ ಬಿಟ್ಟು ನಾಲ್ವರು. ನಾಲ್ವರೂ ಮಾಡಿದ್ದರು. ಒಬ್ಬರು ಸೀರೆಗೆ, ಒಬ್ಬರು ಎರಡು ತೊಲ ಬಂಗಾರಕ್ಕೆ, ಒಬ್ಬರು ಏನೂ ಇಲ್ಲದೆ. ನಾಲ್ಕನೆಯವರು "ತವರಿನ ಬಾಗಿಲು ತೆರೆದಿರಲಿ ಅಂತ" ಅಂದರು, ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಹನ್ನೊಂದು ವರ್ಷ ಒಟ್ಟಿಗೆ ಉಂಡಿದ್ದೇವೆ. ಗಂಡನ ಬಿಪಿಯಿಂದ ಹಿಡಿದು ಮಗಳ ಮುಟ್ಟಿನವರೆಗೆ ಎಲ್ಲ ಮಾತಾಡಿದ್ದೇವೆ. ಇದೊಂದು ಒಮ್ಮೆಯೂ ಬಂದಿರಲಿಲ್ಲ. ಪ್ರತಿಯೊಬ್ಬರಿಗೂ ಇದು ತಮ್ಮ ಮನೆಯ ಮಾತು. ಅಮೆರಿಕದ ಹೋರಾಟಗಾರ್ತಿ ಕ್ಯಾರೊಲ್ ಹಾನಿಷ್ 1969ರಲ್ಲಿ ಬರೆದದ್ದು ಇದನ್ನೇ ಅಲ್ವಾ? ಹೆಂಗಸರು ಸುತ್ತ ಕೂತು ತಮ್ಮ ಮನೆಯ ಕಥೆ ಹೇಳಿಕೊಂಡಾಗ ಅದು ಒಬ್ಬಳ ಹಣೆಬರಹ ಅಲ್ಲ ಅಂತ ಗೊತ್ತಾಗುತ್ತದೆ. 'ಖಾಸಗಿಯೂ ರಾಜಕೀಯವೇ' ಅಂತ ಪ್ರಸಿದ್ಧವಾದದ್ದು ಆ ಬರಹ. (ತಲೆಬರಹ ಕೊಟ್ಟದ್ದು ಆಕೆಯಲ್ಲ, ಅಚ್ಚು ಹಾಕಿದವರು.)

ಈ ತತ್ವ ಅಣ್ಣನ ಫೋನನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಮುಂದೇನು ಅಂತ ಕೇಳಿದರೆ ಸುಮ್ಮನಾಗುತ್ತದೆ. ನನಗೆ ಹಾಗೆ ಕಾಣುತ್ತಿದೆ. ನಿಮಗೆ? ಉತ್ತರ ಪರೀಕ್ಷೆಗೂ ಬೇಕು, ಪಂಚಮಿಗೂ ಬೇಕು.

ವಿಜಯಪುರ ವಕೀಲೆ

ಮೇಡಂ, ಮೊದಲು ಸಹಿ ಮಾಡಬೇಡಿ. ತತ್ವ ಆಮೇಲೆ.

ಅಜ್ಜನ ಆಸ್ತಿ ಅಂದಿರಿ. 1994ರಲ್ಲೇ ಕರ್ನಾಟಕ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮ ಪಾಲು ಕೊಟ್ಟಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಅಡ್ಡಿ ಹೋಯಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನಿಮ್ಮ ಮನೆಯಲ್ಲಿ ವಾಟ್ನಿ (ಆಸ್ತಿ ಪಾಲು) ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ನಿಮ್ಮ ಹೆಸರು, ನಿಮ್ಮ ತಾಯಿಯ ಹೆಸರು ಎರಡನ್ನೂ ಸೇರಿಸಿ ವಾರಸಾ ಅರ್ಜಿ ಕೊಡಿ.

ಈಗ ತತ್ವ. ಈ ತಿದ್ದುಪಡಿಗಳು ಬಂದದ್ದು ಸಂವಿಧಾನದ ಸಮಾನತೆ ಹಿಡಿದು ಮೆಲ್ಲಗೆ ನಡೆದವರಿಂದ. ಬೇರು ಕೀಳಬೇಕು ಅನ್ನುವವರು ಮೂಗು ಮುರಿಯುವ ದಾರಿ ಅದು. ನನ್ನ ಹೊಟ್ಟೆಪಾಡು ಅದೇ ದಾರಿಯಲ್ಲಿ ಇರುವುದರಿಂದ ನಾನು ಅದನ್ನು ಬೈಯುವುದಿಲ್ಲ. ಆದರೆ ಕಾನೂನು ಬಂದು ಇಷ್ಟು ವರ್ಷವಾದರೂ ಹಕ್ಕುಬಿಡುಗಡೆ ಪತ್ರ ನಿಂತಿಲ್ಲ. ಯಾಕಂದರೆ ಕಾನೂನಿನ ಕಣ್ಣಿಗೆ ಆ ಸಹಿ ಸ್ವಂತ ಇಷ್ಟದ್ದು. ನಾನೇ ಟೈಪ್ ಮಾಡಿಸುತ್ತೇನೆ: ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ. ಆ ಸಾಲು ಟೈಪ್ ಆಗುವಾಗ ಸಹಿ ಮಾಡಬೇಕಾದ ತಂಗಿ ಮೂಲೆಯ ಕುರ್ಚಿಯಲ್ಲಿ ಕೂತು ಸೆರಗಿನ ತುದಿ ಬೆರಳಿಗೆ ಸುತ್ತುತ್ತಿರುತ್ತಾಳೆ.

ಆ ಒಪ್ಪಿಗೆ ಎಂಥದ್ದು ಅಂತ ನಿಲ್ಲಿಸಿ ಕೇಳಿದವರು ರ‍್ಯಾಡಿಕಲ್ ಕಡೆಯವರೇ. ಕೆಲಸದ ಜಾಗದ ಲೈಂಗಿಕ ಕಿರುಕುಳ ಹೆಣ್ಣಿನ ವಿರುದ್ಧದ ತಾರತಮ್ಯ ಅಂತ ಅಮೆರಿಕದ ಕಾನೂನು ಪಂಡಿತೆ ಕ್ಯಾಥರೀನ್ ಮ್ಯಾಕಿನನ್ 1979ರಲ್ಲಿ ವಾದಿಸಿದರು. 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿತು. ಆ ಕೇಸಿನ ಒಂದು ಮಾತು ನನಗೆ ಬಹಳ ಮುಖ್ಯ: ಅವಳು ಒಪ್ಪಿ ನಡೆದಳಾ ಅನ್ನುವುದಲ್ಲ, ಅದು ಅವಳಿಗೆ ಬೇಕಾಗಿತ್ತಾ ಅನ್ನುವುದು ಪ್ರಶ್ನೆ. ಇದನ್ನು ಸಬ್‌ರಿಜಿಸ್ಟ್ರಾರ್ ಆಫೀಸಿನ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ.

ಮುಧೋಳ ರೈತ

ಟೀಚರ್, ಬೇಜಾರು ಆಗಬೇಡಿ. ಬಿಸಿಲಲ್ಲಿ ದುಡಿದವನು ಅಣ್ಣ, ಸೊಸೈಟಿ ಸಾಲ ಕಟ್ಟಿದವನು ಅಣ್ಣ. ನಿಮಗೆ ಪಗಾರ ಇದೆ. ಅಮೆರಿಕದ ಪುಸ್ತಕ ತಂದು ನಮ್ಮ ಮನೆಗಳಲ್ಲಿ ಜಗಳ ಯಾಕೆ ಹಚ್ಚುತ್ತೀರಿ? ಗಂಡಸರೆಲ್ಲ ವೈರಿಗಳಾ?

ಜಮಖಂಡಿ ಟೀಚರ್

ಅಣ್ಣಾರ, ದುಡಿದವನು ಅಣ್ಣ ಒಬ್ಬನೇ ಅಲ್ಲ. ಎಮ್ಮೆ ಕಟ್ಟುವುದು, ಕಳೆ ತೆಗೆಯುವುದು, ಆಳುಗಳಿಗೆ ಬುತ್ತಿ ಒಯ್ಯುವುದು ವೈನಿ. ಅವರ ಹೆಸರು ಯಾವ ಉತಾರದಲ್ಲೂ (ಪಹಣಿಯಲ್ಲೂ) ಇಲ್ಲ. ದುಡಿದವರಿಗೆ ಹೊಲ ಅನ್ನುವುದಾದರೆ ಅಲ್ಲಿಂದ ಶುರು ಮಾಡೋಣ.

ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನಾನು ಹಾರಿಕೆಯ ಉತ್ತರ ಕೊಡುವುದಿಲ್ಲ. 1969ರಲ್ಲಿ ನ್ಯೂಯಾರ್ಕಿನ ರೆಡ್‌ಸ್ಟಾಕಿಂಗ್ಸ್ ಗುಂಪು, ಎಲ್ಲ ಗಂಡಸರೂ ಹೆಂಗಸರನ್ನು ತುಳಿದಿದ್ದಾರೆ ಅಂತಲೇ ಬರೆಯಿತು. ಅದನ್ನು ಓದುವಾಗ ನನಗೆ ಅಪ್ಪ ನೆನಪಾದರು. ಮಳೆಯಲ್ಲಿ ಸೈಕಲ್ಲಿನ ಮುಂದಿನ ಡಂಡಿಗೆ ಟವೆಲ್ ಸುತ್ತಿ, ನನ್ನ ಕೂಡಿಸಿಕೊಂಡು ಪರೀಕ್ಷೆಗೆ ಬಿಟ್ಟವರು. ಅದೇ ಅಪ್ಪ, ಹೊಲದ ಮಾತು ಬಂದಾಗ ನನ್ನನ್ನು ಒಳಗೆ ಕಳಿಸುತ್ತಿದ್ದರು. ಆ ಗುಂಪಿನ ಸಾಲಿನಲ್ಲಿ ಎರಡನೆಯ ಅಪ್ಪ ಇದ್ದಾರೆ, ಮೊದಲಿನವರು ಇಲ್ಲ.

ಸವದತ್ತಿ ಕಡೆಯವಳು

ಅಕ್ಕಾ, ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಮ್ಮ ಅವ್ವ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದವಳು. 1982ರ ದೇವದಾಸಿ ನಿಷೇಧ ಕಾಯ್ದೆಗೆ ಮುಂಚೆ. ಶಾಲೆಯ ಅರ್ಜಿಯಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ನಾನು ಗೆರೆ ಎಳೆದು ಬೆಳೆದವಳು.

ಮದುವೆ, ಗಂಡ, ಮನೆಯ ಯಜಮಾನ, ಇವೇ ಹೆಣ್ಣನ್ನು ಕಟ್ಟುವ ಹಗ್ಗ ಅಂತ ನಿಮ್ಮ ಪುಸ್ತಕ ಹೇಳುತ್ತದೆ ಅಲ್ವಾ? ನಮ್ಮ ಮನೆಯಲ್ಲಿ ಇವ್ಯಾವೂ ಇರಲಿಲ್ಲ. ಮುತ್ತು ಕಟ್ಟಿದ ಮಗಳು ಗಂಡುಮಗನ ಹಾಗೆ. ಅಜ್ಜಿಯ ಮನೆ ಅವ್ವನಿಗೆ ಬಂತು, ಅಜ್ಜಿಯ ಮಣ್ಣಿಗೂ ಅವ್ವನೇ ನಿಂತಳು. ಸಹಿ ಮಾಡು ಅಂತ ಕೇಳುವ ಅಣ್ಣ ಇರಲಿಲ್ಲ. ಪುಸ್ತಕದ ಲೆಕ್ಕದಲ್ಲಿ ನಾವು ಬಿಡುಗಡೆ ಆದವರು! ಆದರೆ ಮುತ್ತು ಕಟ್ಟುತ್ತಿದ್ದದ್ದು ಯಾವ ಕೇರಿಯ ಹುಡುಗಿಯರಿಗೆ? ರಾತ್ರಿ ಬಾಗಿಲು ಬಡಿಯುತ್ತಿದ್ದವನು ಯಾವ ಓಣಿಯವನು? ಅವನ ಹೆಂಡತಿ ನಮ್ಮ ಬೊಗಸೆಗೆ ಮೇಲಿಂದ ನೀರು ಸುರಿದವಳು. ಅವಳೂ ಅವ್ವನೂ ಒಂದೇ ಸಾಲಿನ ಅಕ್ಕತಂಗಿಯರು ಅಂದರೆ ಅವ್ವ ನಗುತ್ತಿದ್ದಳು.

ಇದನ್ನು ಅಲ್ಲಿನ ಕಪ್ಪು ಹೆಂಗಸರೂ ಹೇಳಿದ್ದಾರೆ. ಬಾಸ್ಟನ್ನಿನ ಕೊಂಬಾಹೀ ರಿವರ್ ಕಲೆಕ್ಟಿವ್ 1977ರಲ್ಲಿ, ನಮಗೆ ಬಣ್ಣ, ವರ್ಗ, ಹೆಣ್ಣುತನ ಬೇರೆ ಬೇರೆ ಬಿಡಿಸಿ ಬರುವುದಿಲ್ಲ ಅಂತ ಬರೆಯಿತು. ನಾನು ಹೊಲದಲ್ಲಿ ಕರಕಿ (ಗರಿಕೆ ಹುಲ್ಲು) ತೆಗೆಯುವ ಕೂಲಿಗೆ ಹೋದವಳು. ಕರಕಿಗೆ ತಾಯಿಬೇರು ಅಂತ ಒಂದಿಲ್ಲ, ಗಿಣ್ಣು ಗಿಣ್ಣಿಗೂ ಬೇರು. ಇಲ್ಲಿ ಕಿತ್ತರೆ ಅಲ್ಲಿ ಹಿಡಿದಿರುತ್ತದೆ.

ಆದರೂ ಅವರನ್ನು ಪೂರ್ತಿ ಬಿಡಲು ನನಗೆ ಮನಸ್ಸಿಲ್ಲ. ಅಮೆರಿಕದ ಲೇಖಕಿ ಆಂಡ್ರಿಯಾ ಡ್ವಾರ್ಕಿನ್, ಮೈ ಮಾರುವುದಕ್ಕೆ ಯಾವ ಹೆಸರು ಕೊಟ್ಟರೂ ಅದು ಹಿಂಸೆ ಅಂದರು. ಇತ್ತ ಗಡಿ ದಾಟಿದರೆ ಸಾಂಗ್ಲಿಯಲ್ಲಿ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್' ಇದೆ. ಅದು 1990ರ ದಶಕದಿಂದ, ಇದು ಕೆಲಸ, ನಮ್ಮ ಪರವಾಗಿ ನೀವು ಮಾತಾಡಬೇಡಿ ಅನ್ನುತ್ತಿದೆ. ಎರಡನ್ನೂ ಅವ್ವನಿಗೆ ಹೇಳಿ ನೋಡಿದೆ. "ಹೊಟ್ಟಿ ಇತ್ತು, ನೀ ಇದ್ದಿ" ಅಂದಳು, ಅಷ್ಟೇ. ಆದರೆ ಡ್ವಾರ್ಕಿನ್ ಮಾತಿಗೆ ಸ್ವಲ್ಪ ಹೊತ್ತು ಜಾಸ್ತಿ ಸುಮ್ಮನಿದ್ದಳು. ನಾನು ಅದನ್ನು ಮರೆತಿಲ್ಲ.

ಇನ್ನೊಂದು. ಹೆಣ್ಣಾಗಿ ಹುಟ್ಟಿದವಳೇ ಹೆಣ್ಣು ಅಂತ ಕೆಲವು ರ‍್ಯಾಡಿಕಲ್‌ನವರು ಗೆರೆ ಎಳೆಯುತ್ತಾರೆ. ಎಲ್ಲರೂ ಅಲ್ಲ, ಮ್ಯಾಕಿನನ್ ಅದಕ್ಕೆ ವಿರುದ್ಧ. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬಂದು, ಜೋಗಪ್ಪಂದಿರ (ಗಂಡಾಗಿ ಹುಟ್ಟಿ, ಎಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟು ಬಾಳುವವರ) ಜೊತೆ ಒಂದು ರಾತ್ರಿ ಕೂತು, ಆಮೇಲೆ ಗೆರೆ ಎಳೆಯಲಿ.

ಜಮಖಂಡಿ ಟೀಚರ್

ತಂಗೀ, ನಿನ್ನ ಮಾತು ಓದಿ ಎರಡು ದಿನ ಏನೂ ಬರೆಯಲಿಲ್ಲ. ನಮ್ಮ ಹೊಲದ ಕಬ್ಬು ಕಡಿಯಲು ಬರುವ ಗ್ಯಾಂಗಿನಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ (ಕುಡುಗೋಲು) ಅಂತ ಲೆಕ್ಕ, ಮುಂಗಡ ಹಣ ಗಂಡನ ಕೈಗೆ. ನನಗೆ ಆ ಹೊಲದಲ್ಲಿ ಪಾಲು ಸಿಕ್ಕರೆ ಅವಳಿಗೆ ಏನು ಬದಲಾಗುತ್ತದೆ? ಏನೂ ಇಲ್ಲ. ಇದನ್ನು ಪೇಪರಿನಲ್ಲಿ ಬರೆಯುತ್ತೇನೆ, ಅಂಕ ಹೋದರೆ ಹೋಗಲಿ.

ಅಣ್ಣನಿಗೆ ಇನ್ನೂ ಫೋನ್ ಮಾಡಿಲ್ಲ. ವೈನಿಗೆ ಮಾಡಿದೆ. ಸಹಿ ಮಾಡುವುದಿಲ್ಲ ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಹಿಂದೆ ಕುಕ್ಕರ್ ಎರಡು ಸೀಟಿ ಹೊಡೆಯಿತು. ಆಮೇಲೆ ಹೇಳಿದರು, "ನಾನೂ ನಮ್ಮ ತವರಮನ್ಯಾಗ ಮಾಡೀನಿ. ಯಾರೂ ಕೇಳಿರಲಿಲ್ಲ ಇಲ್ಲೀತನಕ."

ವಕೀಲ ಮೇಡಂ, ಅವರ ತವರು ಅಥಣಿ ತಾಲೂಕು. ಮದುವೆ 1993ರಲ್ಲಿ. ಹಕ್ಕುಬಿಡುಗಡೆ ರಿಜಿಸ್ಟರ್ ಆದದ್ದು 2011ರಲ್ಲಿ. ಓದದೆ ಸಹಿ ಮಾಡಿದ್ದಂತೆ. ಏನಾದರೂ ದಾರಿ ಇದೆಯಾ?